ಗಾಜಿನ ಆಕಾಶಬುಟ್ಟಿ

೮ ಸೆಪ್ಟೆಂಬರ್ ೧೯೭೫, ಸೋಮವಾರ

ಶ್ರಾವಣದ ನಡುವಿನಲ್ಲಿ ನಮ್ಮ ಯಜಮಾನರಿಗೆ ಲಕ್ವಾ ಹೊಡೆದು ದೇಹದ ಬಲಭಾಗ ಬಿದ್ದುಹೋದಂದಿನಿಂದ ಲೇಖನಿ ಹಿಡಿಯುವ ಮನಸ್ಸಾಗಿರಲಿಲ್ಲ. ಇಂದು ಶ್ರೀಹರಿಯನ್ನು ನೆನೆದು ಈ ಬರವಣಿಗೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ. ಹೇಳಿಕೊಳ್ಳಲು ಬೇರೆ ಸ್ಥಳವಿಲ್ಲ.

ದವಾಖಾನೆಯಿಂದ ಮನೆಗೆ ಬಂದಿದ್ದಾರೆ. ಗೋಡೆ ಹಿಡಿದು, ಕಾಲೆಳೆದುಕೊಂಡು ಪಡಸಾಲೆಯವರೆಗೆ ನಡೆಯುತ್ತಾರೆ. ಬಲಗೈ ಮಾತ್ರ ನಿದ್ದೆಹೋದ ಕೂಸಿನಂತೆ ತೊಡೆಯ ಮೇಲೆ ಬಿದ್ದಿರುತ್ತದೆ. ಭೂಮಾಪನ ಇಲಾಖೆಯಲ್ಲಿ ಒಂದು ಆಯುಷ್ಯ ನಕಾಶೆ ಬರೆದ ಕೈ ಅದು. ಕೂದಲೆಳೆಯಂಥ ಗೆರೆಯನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದ ಕೈ. ಕಾಖಂಡಕಿಯಲ್ಲಿ ಪುರಾಣಿಕರಾಗಿದ್ದ ನಮ್ಮ ತಂದೆಯವರು, ಊರಿನ ಮೋಜಣಿಗೆ ಬಂದು ನಮ್ಮ ಪಡಸಾಲೆಯಲ್ಲಿ ಇಳಿದುಕೊಂಡಿದ್ದ ಈ ತರುಣನ ಗೆರೆಯನ್ನು ನೋಡಿಯೇ ನನ್ನನ್ನು ಕೊಟ್ಟರು. ಜಾತಕವನ್ನು ಆಮೇಲೆ ನೋಡಿದರು.

ಮಾತೂ ಹೋಗಿದೆ. ಉಳಿದಿರುವುದು ಒಂದೇ: “ಇರ್ಲಿ.” ನೀರು ಬೇಕಾದರೂ ಇರ್ಲಿ, ಬೇಡವಾದರೂ ಇರ್ಲಿ, ಕಾಲು ನೋಯುತ್ತದೆಯೇ ಎಂದು ಕೇಳಿದರೂ ಇರ್ಲಿ. ಯಾವುದಕ್ಕೆ ಏನೆಂದು ಕಣ್ಣು ನೋಡಿ ತಿಳಿದುಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಸಂಕಟ ಊಟದ್ದು. ಎಡಗೈ ಸ್ವಸ್ಥವಾಗಿದೆ. ಆದರೆ ಎಡಗೈಯಿಂದ ಅನ್ನ ಮುಟ್ಟುವವರು ಇವರಲ್ಲ. ಮುಟ್ಟಿರೆಂದು ಹೇಳುವವಳು ನಾನೂ ಅಲ್ಲ. ನಾನೇ ತುತ್ತು ಮಾಡಿ ಬಾಯಿಗಿಡುತ್ತೇನೆ. ನಾಲ್ಕು ತುತ್ತಿಗೇ ಬಾಯಿ ಮುಚ್ಚಿ ಮುಖವನ್ನು ಅತ್ತ ತಿರುಗಿಸುತ್ತಾರೆ. ಹಸಿವಿಲ್ಲವೆಂದಲ್ಲ. ಪರರ ಕೈಯ ತುತ್ತಿಗೆ ಬಾಯಿ ತೆರೆಯುವುದು ಅವರಿಗೆ ಸಹಿಸಲಾಗದು. ಹೆಂಡತಿಯ ಕೈಯೂ ಅಲ್ಲಿ ಪರರ ಕೈಯೇ ಆಗಿದೆ. ಹೆಗಲು ಇಳಿದು ಜನಿವಾರ ನಿಲ್ಲದಂತಾಗಿದೆ. ಹೊಟ್ಟೆಗೆ ಬೀಳದಿದ್ದರೆ ಔಷಧದಿಂದ ಏನೂ ಆಗದು, ಹೀಗೇ ನಡೆದರೆ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರರು ಸ್ಪಷ್ಟವಾಗಿ ಹೇಳಿದ್ದಾರೆ.

ದೇವರ ಮುಂದೆ ಸಂಕಲ್ಪ ಮಾಡಿದೆ. ಕಾರ್ತೀಕದ ಉತ್ಥಾನದ್ವಾದಶಿಯಂದು, ಏಕಾದಶಿಯ ಉಪವಾಸ ಬಿಡುವ ಆ ಬೆಳಗಿನ ಪಾರಣೆಯನ್ನು ಇವರು ತಮ್ಮ ಕೈಯಾರೆ ಉಣ್ಣುವಂತಾಗಲಿ. ಅಲ್ಲಿಯವರೆಗೆ ನನಗೆ ದಿನಕ್ಕೆ ಒಂದೇ ಊಟ.

೧೪ ಸೆಪ್ಟೆಂಬರ್, ರವಿವಾರ

ಮಗಳು ಕಾಶಿ ಬಬಲೇಶ್ವರದಿಂದ ಬಂದಿದ್ದಳು. ಅಲ್ಲಿಯ ಶಾಲೆಯಲ್ಲಿ ಅವಳೂ ಅಳಿಯಂದಿರೂ ಶಿಕ್ಷಕರು. ತನ್ನ ಚೀಲದಿಂದ ಒಂದು ಚಮಚ ತೆಗೆದು, ನನ್ನನ್ನು ಕೇಳದೆಯೇ ತಂದೆಯ ಎಡಗೈಯಲ್ಲಿಟ್ಟಳು. ಇವರು ಚಮಚವನ್ನು ನೋಡಿದರು, ನನ್ನನ್ನು ನೋಡಿದರು, “ಇರ್ಲಿ” ಎಂದು ಕೆಳಗಿಟ್ಟರು.

ಅಡಿಗೆಮನೆಗೆ ಬಂದ ಮೇಲೆ ಕಾಶಿ ದನಿ ತಗ್ಗಿಸಿ ಹೇಳಿದಳು: “ಅವ್ವಾ, ಅಪ್ಪ ನಿನ್ನ ಮಾರಿ ನೋಡಿದ್ರು. ನೀ ಹೂಂ ಅಂದಿದ್ರ ಉಣ್ತಿದ್ರು.”

“ನಾ ಹೂಂ ಅನ್ನಬೇಕಂದ್ರ ಶಾಸ್ತ್ರದಾಗ ಇರಬೇಕಲ್ಲ.”

“ಶಾಸ್ತ್ರಕ್ಕ ಲಕ್ವಾ ಹೊಡದಿಲ್ಲವ್ವಾ. ಅಪ್ಪಗ ಹೊಡದದ.”

ಪುರಾಣಿಕರ ಮೊಮ್ಮಗಳು ಆಡುವ ಮಾತೇ ಇದು ಎಂದು ಗದರಿಸಿದೆ. ಬಸ್ಸಿಗೆ ಹೋಗುವಾಗ ಚಮಚವನ್ನು ಒಯ್ಯಲಿಲ್ಲ. ತೊಳೆದು ಮೇಲಿನ ಹಲಗೆಯ ಮೇಲಿಟ್ಟಿದ್ದೇನೆ.

೨೨ ಸೆಪ್ಟೆಂಬರ್, ಸೋಮವಾರ

ಕೈಗೆ ಏನಾದರೂ ಕೆಲಸ ಕೊಡಿ, ಮನಸ್ಸು ಅದರ ಮೇಲೆ ನಿಲ್ಲಲಿ ಎಂದು ಡಾಕ್ಟರರು ಹೇಳಿದ್ದರು. ಪ್ರತಿವರ್ಷ ದೀಪಾವಳಿಗೆ ಇವರು ಬಿದಿರು ಸೀಳಿ, ಬಣ್ಣದ ಕಾಗದ ಹಚ್ಚಿ ಆಕಾಶಬುಟ್ಟಿ ಕಟ್ಟುತ್ತಿದ್ದರು. ಕಾರ್ತೀಕಮಾಸವೆಲ್ಲ ಅಂಗಳದ ಕಂಬದ ತುದಿಯಲ್ಲಿ ಅದರೊಳಗೆ ದಾಮೋದರನಿಗೆಂದು ದೀಪ. ಈ ಸಲವೂ ಬಿದಿರು ತರಿಸಿ ಮುಂದಿಟ್ಟೆ. ಎಡಗೈಯಲ್ಲಿ ಕುಡುಗೋಲು ಹಿಡಿದರೆ ಬಿದಿರು ಹಿಡಿಯುವವರಿಲ್ಲ. ನಾನು ಹಿಡಿದರೆ ಏಟು ಎಲ್ಲೋ ಬೀಳುತ್ತದೆ. ಕುಡುಗೋಲನ್ನು ನಿಧಾನವಾಗಿ ಕೆಳಗಿಟ್ಟು, ಗೋಡೆಯ ಕಡೆಗೆ ತಿರುಗಿ ಕುಳಿತರು. ಆ ಬೆನ್ನನ್ನು ನೋಡಲಾಗಲಿಲ್ಲ.

ಎದುರು ಮನೆಯ ಮಕ್ತುಮಬಿ ತನ್ನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಾಳೆ. ಅವಳೂ ನಾನೂ ಈ ಓಣಿಗೆ ಹೆಚ್ಚುಕಡಿಮೆ ಒಂದೇ ವರ್ಷ ಸೊಸೆಯರಾಗಿ ಬಂದವರು. ಒಳಗೆ ಹೋಗಿ ಒಂದು ದೊಡ್ಡ ಗಾಜಿನ ಭರಣಿ ತಂದು ನಮ್ಮ ಕಟ್ಟೆಯ ಮೇಲಿಟ್ಟಳು. ಅವಳ ಮಗ ಸೈಫುದ್ದೀನನ ಕಿರಾಣಿ ಅಂಗಡಿಯಲ್ಲಿ ಪೆಪ್ಪರಮೆಂಟು ತುಂಬಿಡುವಂಥದು, ಖಾಲಿಯಾದದ್ದು.

“ಬಿದರ ಸೀಳೂದು ಎರಡ ಕೈ ಕೆಲಸ ಐತ್ರಿ ಬಾಯಾರ. ಇದು ನೋಡ್ರಿ, ತಾನ ನಿಂದರತೈತಿ. ರಾಯರು ಬರೇ ಕಾಗದ ಹಚ್ಚಲಿ, ಒಳಗ ದೀಪ ಇಡ್ರಿ. ಬುಟ್ಟಿ ಆತಿಲ್ಲ?”

ನಾನು ಮುಟ್ಟಲೋ ಬೇಡವೋ ಎಂದು ನಿಂತಿದ್ದೆ. ಅಷ್ಟರಲ್ಲಿ ಇವರು ತಿರುಗಿ ಕುಳಿತು ಎಡಗೈ ಚಾಚಿದ್ದರು.

೨೫ ಸೆಪ್ಟೆಂಬರ್, ಗುರುವಾರ

ಗಾಜಿನ ಶುದ್ಧಿಯ ವಿಷಯವಾಗಿ ಬಹಳ ಯೋಚಿಸಿದೆ. ಮಣ್ಣಿನ ಪಾತ್ರೆ ಎಂಜಲಾದರೆ ತ್ಯಾಜ್ಯ. ತಾಮ್ರ ಹಿತ್ತಾಳೆಗಳಿಗೆ ಹುಣಸೆ, ಬೂದಿ. ಕಲ್ಲಿಗೂ ಶಂಖಕ್ಕೂ ನೀರೇ ಸಾಕು. ಗಾಜು ಸುಟ್ಟ ಮರಳು ಎಂದು ತಂದೆಯವರು ಹೇಳುತ್ತಿದ್ದರು. ಹಾಗಾದರೆ ಅದು ಮಣ್ಣಿನ ಕಡೆಯದೋ ಕಲ್ಲಿನ ಕಡೆಯದೋ? ನಿರ್ಣಯವಾಗಲಿಲ್ಲ. ಸದ್ಯಕ್ಕೆ ಭರಣಿ ಪಡಸಾಲೆಯಲ್ಲಿಯೇ ಇರಲಿ, ಹೊಸ್ತಿಲು ದಾಟಿ ಒಳಗೆ ಬರುವುದು ಬೇಡ ಎಂದು ವ್ಯವಸ್ಥೆ ಮಾಡಿದ್ದೇನೆ.

೩ ಅಕ್ಟೋಬರ್, ಶುಕ್ರವಾರ

ಕೆಲಸ ಸಾಗಿದೆ. ಭರಣಿಯನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿಯುತ್ತಾರೆ. ಬಣ್ಣದ ತೆಳುಕಾಗದವನ್ನು ನೆಲಕ್ಕೆ ಹಾಸಿ, ನಕಾಶೆಯ ಕಾಲದ ತಮ್ಮ ಹಳೆಯ ಹಿತ್ತಾಳೆಯ ಪಟ್ಟಿಯನ್ನು ಅದರ ಮೇಲಿಟ್ಟು, ಆ ಪಟ್ಟಿ ಜಾರದಂತೆ, ಜೀವವಿಲ್ಲದ ಬಲಗೈಯನ್ನು ಎಡಗೈಯಿಂದ ಎತ್ತಿ ಭಾರಕ್ಕೆ ಇಡುತ್ತಾರೆ. ಆಮೇಲೆ ಪಟ್ಟಿಯ ಅಂಚಿಗೆ ಕಾಗದವನ್ನು ಹರಿಯುತ್ತಾರೆ. ಕತ್ತರಿ ಬೇಕಾಗಲಿಲ್ಲ. ಗೋಧಿಹಿಟ್ಟಿನ ಅಂಟು ಕಾಸಿಕೊಡುವುದು ನನ್ನ ಕೆಲಸ.

ಮೊದಲ ಭರಣಿಯ ಕಾಗದವೆಲ್ಲ ಸುಕ್ಕಾಗಿ, ಅಂಟು ಸೋರಿ, ಅಳುವ ಮುಖದಂತಿತ್ತು. ಎರಡನೆಯದು ಪರವಾಗಿಲ್ಲ. ಭರಣಿಯ ಕುತ್ತಿಗೆಗೆ ತಂತಿ ಸುತ್ತಿ ಹಿಡಿಕೆ ಮಾಡಿಕೊಟ್ಟವನು ಸೈಫುದ್ದೀನ. ಒಳಗೆ ಅರ್ಧ ನೀರು, ನೀರಿನ ಮೇಲೆ ಎಣ್ಣೆ, ಎಣ್ಣೆಯ ಮೇಲೆ ತೇಲುವ ಬೂಚಿನ ಚೂರಿನಲ್ಲಿ ಬತ್ತಿ. ಹಚ್ಚಿದಾಗ ಪಡಸಾಲೆಯ ಗೋಡೆಯೆಲ್ಲ ಕೆಂಪು, ಹಸಿರು.

ಬೆಳಕು ಗೋಡೆಯ ಮೇಲೆ ಅಲುಗುವುದನ್ನು ಇವರು ಎಷ್ಟು ಹೊತ್ತು ನೋಡಿದರೆಂದರೆ, ನಾನು ಸಂದು ನೋಡಿ ಒಂದೆರಡು ತುತ್ತು ಹೆಚ್ಚಿಗೆ ಇಟ್ಟದ್ದು ಅವರ ಗಮನಕ್ಕೆ ಬರಲಿಲ್ಲ. ದಾಮೋದರನು ಕ್ಷಮಿಸಲಿ, ಮೋಸವೇ ಆದರೂ ಅನ್ನದ ಮೋಸ.

೧೪ ಅಕ್ಟೋಬರ್, ಮಂಗಳವಾರ, ವಿಜಯದಶಮಿ

ಬನ್ನಿ ಕೊಡಲು ಬಂದವರೆಲ್ಲ ಮೊದಲು ಭರಣಿಗಳನ್ನು ನೋಡಿ, ಆಮೇಲೆ ನಮಗೆ ನಮಸ್ಕಾರ ಮಾಡಿದರು. ಸಂಜೆ ನಾನು ಹೇಳುವ ಪುರಾಣ ಕೇಳಲು ಬರುವ ಓಣಿಯ ಹೆಂಗಸರ ಗತಿಯೂ ಅದೇ. ನಿನ್ನೆ ಪ್ರಹ್ಲಾದನನ್ನು ಬೆಟ್ಟದಿಂದ ತಳ್ಳುವ ಹೊತ್ತಿಗೆ ಎಲ್ಲರ ಕಣ್ಣೂ ಪಡಸಾಲೆಯ ಮೂಲೆಯಲ್ಲಿದ್ದವು. ಸಿಟ್ಟು ಬಂದಿತು, ಬಂದಷ್ಟೇ ಬೇಗ ಹೋಯಿತು.

ಸೈಫುದ್ದೀನನು ತನ್ನ ಅಂಗಡಿಯಲ್ಲಿದ್ದ ಖಾಲಿ ಭರಣಿಗಳನ್ನೆಲ್ಲ ಕೊಟ್ಟಿದ್ದಾನೆ. ಗೆಳೆಯರ ಅಂಗಡಿಗಳಿಂದಲೂ ತಂದಿದ್ದಾನೆ. ಒಂದರಲ್ಲಿ ಮೊದಲು ಬಿಸ್ಕೀಟು ಇತ್ತಂತೆ, ಒಂದರಲ್ಲಿ ನಿಂಬೆಯ ಉಪ್ಪಿನಕಾಯಿ. ಇನ್ನೊಂದರಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಇವರು ಅವುಗಳನ್ನು ಎತ್ತರದ ಕ್ರಮದಲ್ಲಿ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದ್ದಾರೆ. ಎಲ್ಲಕ್ಕಿಂತ ದೊಡ್ಡದನ್ನು ಬೆರಳಿನಿಂದ ತೋರಿಸಿ, ಆ ಬೆರಳನ್ನೇ ಮೇಲೆ ಕಂಬದ ತುದಿಗೆ ಒಯ್ದರು. ಅದು ಆಕಾಶಬುಟ್ಟಿಗೆ.

ದೇವರಿಗೆ ಸಲ್ಲುವ ದೀಪವೆಂದ ಮೇಲೆ ಭರಣಿಯ ಮಡಿ ಮೈಲಿಗೆಯನ್ನು ಇನ್ನು ಹಾಗೆಯೇ ಬಿಡಲಾಗದು.

೧೮ ಅಕ್ಟೋಬರ್, ಶನಿವಾರ

ಬೆಳಗ್ಗೆ ಮಡಿಯುಟ್ಟು, ಹಂಡೆಯಲ್ಲಿ ಕುದಿಯುತ್ತಿದ್ದ ಮಡಿನೀರನ್ನು ಬಿಂದಿಗೆಯಿಂದ ತೋಡಿ, ಗಂಗಾದಿ ನದಿಗಳನ್ನು ನೆನೆಯುತ್ತ ಸಾಲಾಗಿದ್ದ ಭರಣಿಗಳ ಮೇಲೆ ಹುಯ್ದೆ. ಕಟ್ಟೆಯ ಮೇಲೆ ಇರುಳೆಲ್ಲ ತಣ್ಣಗೆ ನಿಂತಿದ್ದ ಗಾಜು. ಮೊದಲನೆಯದು ಸೀಳಿದ ಸದ್ದಿಗೆ ನಾನು ನಿಲ್ಲಬೇಕಿತ್ತು. ನದಿಯ ಹೆಸರನ್ನು ನಡುವೆ ಬಿಡಬಾರದೆಂದು ಹುಯ್ಯುತ್ತಲೇ ಹೋದೆ. ಕಾವೇರಿಗೆ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಒಂದೂ ಉಳಿದಿರಲಿಲ್ಲ.

ಸದ್ದು ಕೇಳಿ ಓಡಿಬಂದ ಮಕ್ತುಮಬಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಸಬಕಾರ ಹಚ್ಚಿ ತೊಳದ ಕೊಟ್ಟಿದ್ನೆಲ್ರಿ ಬಾಯಾರ. ನಮ್ಮ ಬಾಟ್ಲಿಗೋಳಿಗೆ ನೆಗಡಿ ಬಂದಿತ್ತೇನ್ರಿ, ಇಷ್ಟ ಸುಡು ನೀರಲೇ ಝಳಕ ಮಾಡಿಸೀರಿ?”

ಅವಳು ನಗಿಸಲೆಂದೇ ಹೇಳಿದಳು. ನನ್ನ ಮುಖ ನೋಡಿ ತಾನೂ ನಗಲಿಲ್ಲ. ಇವರು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. “ಇರ್ಲಿ” ಎಂದಾರೆಂದು ಕಾದೆ. ಎಲ್ಲಕ್ಕೂ ಅನ್ನುವ ಆ ಒಂದು ಮಾತನ್ನು ಇಂದು ಅನ್ನಲಿಲ್ಲ.

೧೯ ಅಕ್ಟೋಬರ್, ರವಿವಾರ

ಇವರು ಉಣ್ಣಲಿಲ್ಲ. ಚೂರುಗಳನ್ನು ಮೊರದಲ್ಲಿ ತುಂಬಿಕೊಂಡು ಚೆಲ್ಲಲು ಹೊರಟೆ. ಮೊರದ ಅಂಚನ್ನು ಹಿಡಿದುಕೊಂಡರು, ಬಿಡಲಿಲ್ಲ.

೨೧ ಅಕ್ಟೋಬರ್, ಮಂಗಳವಾರ

ಚೂರುಗಳು ಏಕೆ ಬೇಕೋ ತಿಳಿಯದು, ಆದರೆ ಇವರು ಅವನ್ನು ಹಿಡಿಯಷ್ಟಿರುವವು, ಬೆರಳಷ್ಟಿರುವವು, ಉಗುರಷ್ಟಿರುವವು ಎಂದು ಬೇರೆ ಬೇರೆ ಮಾಡುತ್ತಿದ್ದಾರೆ. ನಿನ್ನೆ ಖಾಲಿ ಕಟ್ಟೆಯ ಮೇಲೆ, ದೊಡ್ಡ ಭರಣಿ ಇದ್ದ ಜಾಗಕ್ಕೆ ಬೆರಳು ತೋರಿಸಿ ನನ್ನನ್ನು ನೋಡಿದರು. ಸೈಫುದ್ದೀನನ ಬಳಿ ಅಷ್ಟು ದೊಡ್ಡದು ಇನ್ನಿಲ್ಲ. ತಿಕೋಟಾದಲ್ಲಿ ತನ್ನ ಮಗಳು ಮುಮತಾಜಳ ಮನೆಯಲ್ಲಿ ಇದೆಯೆಂದು ಮಕ್ತುಮಬಿ ಹೇಳಿದಳು. ಇವರ ಬಳಿ ಸೈಫುದ್ದೀನನನ್ನು ಕೂರಿಸಿ ನಾವಿಬ್ಬರೂ ಬಸ್ಸಿಗೆ ಹೋದೆವು.

ಮುಮತಾಜ ಅಟ್ಟದಿಂದ ಭರಣಿ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಕೊಟ್ಟಳು. ಬಿಸಿಲು ಜೋರಾಗಿತ್ತು, ಒಂದು ತಂಬಿಗೆ ನೀರು ಕೊಟ್ಟಳು, ಕುಡಿದೆ. ಬರುವಾಗ ಬಸ್ಸು ತುಂಬಿತ್ತು. ದಾರಿಯುದ್ದಕ್ಕೂ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು, ಹಳ್ಳದಿಣ್ಣೆ ಬಂದಲ್ಲೆಲ್ಲ ಎರಡೂ ಕೈಗಳಿಂದ ಅಪ್ಪಿಕೊಂಡೆ. ಕಂಡಕ್ಟರನು ಮಕ್ತುಮಬಿಯನ್ನು ಕೇಳಿದ:

“ಅಮ್ಮಾರ ಕೂಸಿಗೆ ಅರ್ಧ ತಿಕೀಟ ತಗೀಲೇನ್ರಿ?”

“ತಗಿಯಪಾ. ಬಿಸಿನೀರ ತೋರಿಸಬ್ಯಾಡ ಅಷ್ಟ, ಬಾಳ ನಾಜೂಕ ಐತಿ,” ಎಂದಳು ಅವಳು.

ಜನರ ನಡುವೆ ಹಾಗೆ ನಗುವುದು ನನ್ನ ವಯಸ್ಸಿಗೆ ತಕ್ಕದ್ದಲ್ಲ. ನಕ್ಕೆ.

ಮನೆಗೆ ಬಂದು ಭರಣಿಯನ್ನು ಬಾವಿಯ ತಣ್ಣೀರಿನಿಂದ ತೊಳೆದೆ. ಗಾಜನ್ನು ಕಲ್ಲಿನ ಪಕ್ಷಕ್ಕೆ ಸೇರಿಸುವುದೇ ಯುಕ್ತವೆಂದು ಈಗ ತೋರುತ್ತದೆ.

೨೭ ಅಕ್ಟೋಬರ್, ಸೋಮವಾರ

ಹೊಸ ಭರಣಿಯ ಮೈಗೆ ಬಣ್ಣದ ಕಾಗದ, ಕಾಗದದ ಮೇಲೆ ಒಡೆದ ಗಾಜಿನ ಚೂರು. ಹಿಟ್ಟಿನ ಅಂಟು ಗಾಜನ್ನು ಹಿಡಿಯಲಿಲ್ಲ. ಚಳಿಗಾಲಕ್ಕೆ ಅಂಟಿನುಂಡೆ ಕಟ್ಟಲೆಂದು ತರಿಸಿಟ್ಟಿದ್ದ ಜಾಲಿಯ ಅಂಟನ್ನು ನೆನೆಹಾಕಿ ಕೊಟ್ಟೆ, ಅದು ಹಿಡಿಯಿತು. ಅಳೆದು ಹಾಕಲು ಕಾಶಿಯ ಚಮಚವನ್ನೇ ಹಲಗೆಯಿಂದ ಇಳಿಸಿದೆ.

ಮಧ್ಯಾಹ್ನ ಹೊಸದಾಗಿ ನೆನೆದ ಅಂಟನ್ನು ಕೊಡಲು ಹೋದಾಗ, ಇವರು ತಲೆ ಬಗ್ಗಿಸಿ ಒಂದು ಚೂರನ್ನು ಅದರ ಸ್ಥಳಕ್ಕೆ ಕೂರಿಸುತ್ತಿದ್ದರು. ತೊಡೆಯ ಮೇಲಿನ ಧೋತ್ರ ಕೆಂಪಾಗಿತ್ತು. ಭಾರಕ್ಕೆಂದು ಚೂರುಗಳ ಮೇಲಿಟ್ಟಿದ್ದ ಬಲಗೈಯ ಅಂಗೈ ಕೊಯ್ದು, ನೆತ್ತರು ಮಣಿಕಟ್ಟಿನಿಂದ ಇಳಿದು ಒಣಗಲು ತೊಡಗಿತ್ತು. ಬಹಳ ಹೊತ್ತಾಗಿರಬೇಕು. ಅವರಿಗೆ ಗೊತ್ತೇ ಆಗಿರಲಿಲ್ಲ.

ನನ್ನ ದೃಷ್ಟಿಯನ್ನು ಹಿಂಬಾಲಿಸಿ ತಮ್ಮ ಕೈಯನ್ನು ನೋಡಿಕೊಂಡರು. ಯಾರದೋ ಕೈಯನ್ನು ನೋಡುವಂತೆ ನೋಡಿದರು. ಆಮೇಲೆ ನನ್ನನ್ನು ನೋಡಿ, ಮೆಲ್ಲಗೆ, ನನ್ನನ್ನು ಸಮಾಧಾನಪಡಿಸುವವರಂತೆ, “ಇರ್ಲಿ” ಎಂದರು.

ತೊಳೆದು ಅರಿಸಿನ ಒತ್ತಿ ಕಟ್ಟಿದೆ. ಆ ಕೈ ಇನ್ನು ಬಾರದು. ನಾನು ತಿಳಿದೆ, ನನಗಿಂತ ಮೊದಲೇ ಅವರು ತಿಳಿದಿದ್ದರು.

ಸಂಕಲ್ಪದ ಮಾತನ್ನು ಈ ಹೊತ್ತು ದೇವರ ಮುಂದೆ ಎತ್ತಲಿಲ್ಲ.

೩ ನವೆಂಬರ್, ಸೋಮವಾರ, ದೀಪಾವಳಿಯ ಅಮಾವಾಸ್ಯೆ

ಸಂಜೆ ಸೈಫುದ್ದೀನನು ಕಂಬಕ್ಕೆ ಹಗ್ಗ, ರಾಟೆ ಕಟ್ಟಿಕೊಟ್ಟ. ಕಾಶಿ, ಅಳಿಯಂದಿರು ಬಬಲೇಶ್ವರದಿಂದ ಬಂದಿದ್ದರು. ಇವರು ಮುಸುಕು ಹಾಕಿಟ್ಟಿದ್ದ ಭರಣಿಯನ್ನು ಹೊರಗೆ ತರಿಸಿ ಬತ್ತಿ ಹಚ್ಚಿದರು. ಮಂತ್ರವನ್ನು ನಾನೇ ಹೇಳಿದೆ. ಹಚ್ಚಿದ್ದು ಎಡಗೈಯಿಂದ; ಬರೆಯುವಾಗ ಈಗ ಹೊಳೆಯುತ್ತಿದೆ, ಆಗ ಹೊಳೆಯಲಿಲ್ಲ.

ಒಳಗಿನ ಬೆಳಕು ಚೂರು ಚೂರಿನಲ್ಲೂ ಒಡೆದು ಹೊಮ್ಮಿತು. ಚೌಕವಲ್ಲ, ಹೂವಲ್ಲ, ಬಳ್ಳಿಯಲ್ಲ. ಅಂಕುಡೊಂಕಾದ ಹಸಿರು ತುಂಡುಗಳು, ಹಳದಿ ತುಂಡುಗಳು, ನಡುವೆ ಕೂದಲೆಳೆಯಷ್ಟು ಸಂದು. ಓರೆಯಾಗಿ ಇಳಿದುಹೋಗುವ ಒಂದು ನೀಲಿ ಪಟ್ಟಿ. ಪಟ್ಟಿಯ ಒಂದು ಬಾಗಿನಲ್ಲಿ ಉಗುರಷ್ಟು ಕೆಂಪು.

“ಅಪ್ಪಾ, ಇದೇನು ಕೌದಿ ಹೊಲದಂಗ ಕಾಣ್ತದಲ್ಲ?” ಎಂದಳು ಕಾಶಿ.

ಕೌದಿಯಲ್ಲ. ನೀಲಿ ನಮ್ಮ ಕಾಖಂಡಕಿಯ ಹಳ್ಳ. ಕೆಂಪು ಹನುಮಪ್ಪನ ಗುಡಿ. ಗುಡಿಯ ಹಿಂದಿನ ಹಸಿರು ನಮ್ಮ ಅಣ್ಣಂದಿರ ಹೊಲ. ಅದರ ಮೂಲೆಯಲ್ಲಿ ಕಾಗದವೇ ಇಲ್ಲದೆ ಬರಿಯ ಗಾಜಾಗಿ ಬಿಟ್ಟ, ಎಲ್ಲಕ್ಕಿಂತ ಹೆಚ್ಚು ಬೆಳಗುವ ಒಂದು ಚೂರು: ನಾನು ಹುಟ್ಟಿದ ಮನೆ, ಇವರು ಕುಳಿತು ನಕಾಶೆ ಬರೆದ ಪಡಸಾಲೆ. ನಾನು ಒಡೆದದ್ದರಿಂದಲೇ ನನಗೆ ನನ್ನ ಊರನ್ನು ಕಟ್ಟಿಕೊಟ್ಟಿದ್ದಾರೆ. ಒಂದು ಗೆರೆಯೂ ತಪ್ಪಿಲ್ಲ.

ನಾನು ಕಂಬವನ್ನು ಹಿಡಿದುಕೊಂಡೆ. ಮಕ್ತುಮಬಿ ತನ್ನ ಬಾಗಿಲಿನಿಂದ ಬಂದು ನನ್ನ ಪಕ್ಕದಲ್ಲಿ ನಿಂತು, ಮೇಲೇರುವ ದೀಪವನ್ನು ನೋಡುತ್ತ, ನನಗಷ್ಟೇ ಕೇಳುವಂತೆ ಹೇಳಿದಳು: “ರಾಯರ ಕೈ ಹೋಗಿಲ್ರಿ ಬಾಯಾರ. ಈ ಕಡಿಂದ ಆ ಕಡಿಗೆ ಬಂದೈತಿ.”

೯ ನವೆಂಬರ್, ರವಿವಾರ

ದಿನವೂ ದೀಪ ಏರುತ್ತದೆ. ದಿನವೂ ನಾಲ್ಕು ತುತ್ತಿಗೆ ಬಾಯಿ ಮುಚ್ಚುತ್ತದೆ. ನಿನ್ನೆ ಕಂಬದವರೆಗೆ ಹೋಗಲಾರದೆ ನಡುವೆ ಕುಳಿತುಬಿಟ್ಟರು.

ಕಾಶಿ ಬಂದು ಹೋದಳು. ಅಂಟಿನ ಬಟ್ಟಲಲ್ಲಿ ತನ್ನ ಚಮಚ ನೋಡಿ ನಕ್ಕಳು. ತಂದೆಯ ಊಟದ ವಿಷಯ ಎತ್ತಲೇ ಇಲ್ಲ. ಎತ್ತಿದ್ದರೆ ಗದರಿಸಬಹುದಿತ್ತು.

೧೫ ನವೆಂಬರ್, ಶನಿವಾರ, ಉತ್ಥಾನದ್ವಾದಶಿ

ನಿನ್ನೆ ಏಕಾದಶಿ. ಇವರೂ ಹಾಲಿನ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ. ಸಂಜೆ ಆಕಾಶಬುಟ್ಟಿಗೆ ಎಣ್ಣೆ ಹಾಕಿ, ಮಂತ್ರ ಹೇಳುತ್ತ, ಇವರು ಬತ್ತಿ ಹಚ್ಚುವ ಕೈಯನ್ನು ನೋಡುತ್ತಿದ್ದೆ. ಆ ಕೈಯೇ ಕಾಗದ ಹರಿದದ್ದು, ಅಂಟು ಹಚ್ಚಿದ್ದು, ಚೂರು ಕೂರಿಸಿದ್ದು. ಆ ಕೈ ಹಚ್ಚಿದ ದೀಪವನ್ನು ಇಷ್ಟು ದಿನ ನಾನೇ ಬಾಯಾರೆ ದಾಮೋದರನಿಗೆ ಅರ್ಪಿಸಿದ್ದೇನೆ. ಅವನು ಒಂದು ದಿನವೂ ಬೇಡವೆನ್ನಲಿಲ್ಲ. ಮಂತ್ರದ ನಡುವೆ ನಾಲಗೆ ತಡೆಯಿತು. ಮತ್ತೆ ಮೊದಲಿನಿಂದ ಹೇಳಿದೆ.

ಇಂದು ನಸುಕಿನಲ್ಲಿ ಪೂಜೆ ಮುಗಿಸಿ, ಸೂರ್ಯೋದಯಕ್ಕೆ ಅಡಿಗೆ ಮಾಡಿದೆ. ಅಗಸೆಯ ಸೊಪ್ಪಿನ ಪಲ್ಯ, ನೆಲ್ಲಿಕಾಯಿಯ ಚಟ್ನಿ, ಬೇಳೆ ಬಿಡುವ ಚಾತುರ್ಮಾಸ್ಯದ ವ್ರತ ಮುಗಿದದ್ದರಿಂದ ತೊಗರಿಬೇಳೆಯ ಸಾರು, ಮಜ್ಜಿಗೆ. ಮದುವೆಯಾದಂದಿನಿಂದ ಇವರ ಊಟವಾದ ಮೇಲೆ ಅದೇ ಎಲೆಗೆ ಬಡಿಸಿಕೊಂಡವಳು ನಾನು. ಇಂದು ಎರಡು ಎಲೆ ಹಾಕಿದೆ, ಪಕ್ಕಪಕ್ಕದಲ್ಲಿ. ಎರಡಕ್ಕೂ ಬಡಿಸಿದೆ. ಇವರು ಎಲೆಗಳನ್ನು ನೋಡಿ, ಅತಿಥಿ ಯಾರೆಂದು ಬಾಗಿಲ ಕಡೆಗೆ ನೋಡಿದರು. ನಾನು ಕುಳಿತೆ.

ಬಲಗೈಯನ್ನು ಮಡಿಲಲ್ಲಿ, ಸೆರಗಿನ ಕೆಳಗೆ ಇಟ್ಟೆ.

“ನೋಡ್ರಿ, ನಾನೂ ಹಿಂಗ ಉಣ್ತೀನಿ,” ಎಂದೆ. “ಇಬ್ಬರೂ ಕೂಡಿ ಕಲಿಯೋಣು.”

ಎಡಗೈಯನ್ನು ಅನ್ನಕ್ಕೆ ಹಾಕಿದೆ. ಈ ಜನ್ಮದಲ್ಲಿ ಅದು ಅನ್ನವನ್ನು ಮುಟ್ಟಿರಲಿಲ್ಲ. ಬಿಸಿ ಎಷ್ಟೆಂದು ಕೂಡ ಅದಕ್ಕೆ ತಿಳಿಯದು. ಕಲಸಲು ಹೋದರೆ ಸಾರು ಎಲೆಯ ಅಂಚಿಗೆ ಓಡಿತು. ತುತ್ತು ಬಾಯಿಗೆ ಬರುವ ಮುನ್ನವೇ ಬೆರಳುಗಳ ಸಂದಿನಿಂದ ಜಾರಿ ಮಡಿಸೀರೆಯ ಮೇಲೆ ಬಿತ್ತು. ನಾಚಿಕೆಯಿಂದ ತಲೆಯೆತ್ತಲಿಲ್ಲ.

“ಇರ್ಲಿ,” ಎಂದರು ಇವರು.

ಆ ಮಾತಿಗೆ ಅದರ ಅರ್ಥ ಮರಳಿ ಬಂದಂತೆ ಕೇಳಿಸಿತು. ಎಡಗೈಯ ಬೆರಳುಗಳನ್ನು ನೀರಿನಲ್ಲಿ ಅದ್ದಿ, ಕಣ್ಣು ಮುಚ್ಚಿ ಒಂದು ಕ್ಷಣ ಸ್ಮರಣೆ ಮಾಡಿ, ಊಟಕ್ಕೆ ತೊಡಗಿದರು. ನಾನು ಅತ್ತ ನೋಡಲಿಲ್ಲ. ನೋಡಿದರೆ ನಿಲ್ಲಿಸುವರೆಂದು ನನ್ನ ಎಲೆಯನ್ನೇ ನೋಡುತ್ತ, ಸದ್ದನ್ನು ಕೇಳುತ್ತ ಕುಳಿತೆ. ಪಲ್ಯ ಮುಗಿಸಿದರು. ಸಾರನ್ನ ಮುಗಿಸಿ ಪಾತ್ರೆಯತ್ತ ಬೆರಳು ತೋರಿಸಿದರು, ಮತ್ತೆ ಬಡಿಸಿದೆ. ನೆಲ್ಲಿಕಾಯಿಯ ಚಟ್ನಿಯನ್ನು ಎಲೆ ಕಾಣುವವರೆಗೆ ಬಳಿದರು.

ಮಜ್ಜಿಗೆಯನ್ನಕ್ಕೆ ಬರುವ ಹೊತ್ತಿಗೆ ನನ್ನ ಎಲೆಯ ಸುತ್ತ ಅನ್ನ ಚೆಲ್ಲಾಡಿತ್ತು. ಅವರ ಎಲೆಯ ಹೊರಗೆ ಒಂದು ಅಗುಳೂ ಬಿದ್ದಿರಲಿಲ್ಲ.